ಕೂಸು ಅತ್ತರೆ ಗಾಬರಿ ಬೇಡ, ಮೊದಲು ಲಂಗೋಟಿ ನೋಡಿ

ಹೆರಿಗೆಯಾದ ಎರಡನೇ ರಾತ್ರಿ ಮನೆ ಮಂದಿಗೆಲ್ಲ ಪರೀಕ್ಷೆ. ಮೊದಲ ದಿನ ಸುಮ್ನೆ ಮಲಗಿದ್ದ ಕೂಸು ಅವತ್ತು ಬಿಡದೆ ಅಳಲು ಶುರು ಮಾಡುತ್ತದೆ. ಎದೆಗೆ ಹಚ್ಚಿದರೆ ಸ್ವಲ್ಪ ಹೊತ್ತು ಕುಡಿದು ಕಣ್ಣು ಮುಚ್ಚುತ್ತದೆ. ಕೆಳಗೆ ಮಲಗಿಸಿದರೆ ಮತ್ತೆ ಅಳು. ಬಾಣಂತಿಯ ಕೋಣೆಗೆ ಒಬ್ಬೊಬ್ಬರೇ ಬರುತ್ತಾರೆ. "ಹಾಲ ಸಾಲವಲ್ದು ಕೂಸಿಗೆ" ಎನ್ನುತ್ತಾರೆ ಒಬ್ಬರು. "ಹೊಟ್ಟಿ ಉಬ್ಬೈತಿ, ಗುಟ್ಟಿ ಹಾಕ್ರಿ" ಎಂದು ಮನೆಮದ್ದು ಹೇಳುತ್ತಾಳೆ ಆಯಿ. "ನೆದರ ಆಗೈತಿ" ಎಂದು ಬಾಗಿಲಲ್ಲೇ ನಿಂತು ತೀರ್ಪು ಕೊಡುತ್ತಾರೆ ಪಕ್ಕದ ಮನೆಯವರು. ಗೋಕಾಕ ಇರಲಿ, ಜಮಖಂಡಿ ಇರಲಿ, ಸಿಂದಗಿ ಇರಲಿ, ಈ ಮೂರು ಮಾತು ಮಾತ್ರ ತಪ್ಪುವುದಿಲ್ಲ. ಬೆಳಗಾಗುವುದರೊಳಗೆ ಕೂಸಿನ ಬಾಯಿಗೆ ಸಕ್ಕರೆ ನೀರೋ, ಜೇನೋ, ಡಬ್ಬಿ ಹಾಲೋ ಬಿದ್ದಿರುತ್ತದೆ.

ಆ ರಾತ್ರಿ ಕೂಸು ಮಾಡುತ್ತಿರುವುದು ತನ್ನ ಕೆಲಸ. ಅದು ಎಷ್ಟು ಸಲ ಎದೆ ಚೀಪುತ್ತದೋ ಅಷ್ಟು ಸಲ ತಾಯಿಯ ಮೆದುಳಿನಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೊರಡುತ್ತದೆ. ಹಾಲು ತಯಾರಾಗಲು ಅದೇ ಅಪ್ಪಣೆ. ರಾತ್ರಿ ಹೊತ್ತು ಈ ಹಾರ್ಮೋನು ಜಾಸ್ತಿ. ಹೀಗಾಗಿ ಎರಡನೇ ರಾತ್ರಿಯ ಗಲಾಟೆಯ ಫಲ ಸಾಮಾನ್ಯವಾಗಿ ಮೂರನೇ ಅಥವಾ ನಾಲ್ಕನೇ ದಿನ, ಎದೆ ತುಂಬಿ ಭಾರವಾದಾಗ ಕಾಣುತ್ತದೆ. ಸಿಸೇರಿಯನ್ ಆದವರಿಗೆ ಇದು ಒಂದೆರಡು ದಿನ ತಡವಾಗಬಹುದು. ನಡುವೆ ಡಬ್ಬಿ ಹಾಲು ಕೊಟ್ಟು ಮಲಗಿಸಿದರೆ ಅಷ್ಟು ಸಲದ ಅಪ್ಪಣೆ ಹೋಗುವುದೇ ಇಲ್ಲ. ಆಮೇಲೆ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. "ನಾ ಅವತ್ತ ಹೇಳಿದ್ದೆ ಅಲ್ಲೇನು" ಎನ್ನಲು ಮನೆಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ.

ಅಷ್ಟಕ್ಕೂ ಮೊದಲ ದಿನ ಕೂಸಿಗೆ ಬೇಕಾದದ್ದು ಎಷ್ಟು? ಒಂದು ಸಲಕ್ಕೆ 2ರಿಂದ 10 ಮಿಲಿ. ಹೆಚ್ಚೆಂದರೆ ಎರಡು ಟೀ ಚಮಚ. ಎರಡನೇ ದಿನ 5ರಿಂದ 15 ಮಿಲಿ, ಮೂರನೇ ದಿನ 15ರಿಂದ 30 ಮಿಲಿ. ನಾಲ್ಕನೇ ದಿನದ ಹೊತ್ತಿಗೆ 30ರಿಂದ 60 ಮಿಲಿ. ಮೊದಲ ದಿನಗಳಲ್ಲಿ ಎದೆಯಿಂದ ಬರುವ ದಪ್ಪ ಹಳದಿ ಗಿಣ್ಣು ಹಾಲು ಚಮಚದ ಲೆಕ್ಕದಲ್ಲೇ ಇರುತ್ತದೆ, ಕೂಸಿನ ಹೊಟ್ಟೆಯೂ ಅದೇ ಲೆಕ್ಕದ್ದು. ಕಡಿಮೆ ಅಂತ ಕಾಣುವುದು ನಮ್ಮ ಕಣ್ಣಿಗೆ ಮಾತ್ರ. ಅದನ್ನು ಹಿಂಡಿ ಚೆಲ್ಲುವ ಪದ್ಧತಿ ಈಗ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಆ ಕೆಲವು ಚಮಚದಲ್ಲಿ ರೋಗ ತಡೆಯುವ ಪ್ರತಿಕಾಯಗಳು ತುಂಬಿರುತ್ತವೆ. ಅವು ಕೂಸಿನ ಕರುಳಿನ ಒಳಗೋಡೆಗೆ ಕಾವಲು ಕೂರುತ್ತವೆ. ಹೊಟ್ಟೆ ಸಡಿಲ ಮಾಡುವ ಗುಣವೂ ಗಿಣ್ಣು ಹಾಲಿಗಿದೆ. ಹೊಟ್ಟೆ ತೊಳೆಯಲೆಂದು ಕೂಸಿಗೆ ಔಡಲೆಣ್ಣೆ ಕುಡಿಸುತ್ತಾರಲ್ಲ, ಆ ಕೆಲಸವನ್ನು ಇದೇ ಮಾಡುತ್ತದೆ. ಹುಟ್ಟಿದ ಒಂದು ತಾಸಿನೊಳಗೆ ಎದೆಗೆ ಹಚ್ಚಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ಈಗ ಮುಖ್ಯ ಮಾತಿಗೆ ಬರೋಣ. ಹಾಲು ಸಾಲುತ್ತಿದೆಯೋ ಇಲ್ಲವೋ ಎಂದು ಅಳುವಿನಿಂದ ತಿಳಿಯುವುದಿಲ್ಲ. ಕೂಸು ಹಸಿವಿಗೂ ಅಳುತ್ತದೆ, ಸೆಕೆಗೂ ಅಳುತ್ತದೆ, ಎತ್ತಿಕೊಳ್ಳಿ ಅಂತಲೂ ಅಳುತ್ತದೆ. ಎದೆ ಮೆತ್ತಗಿದೆ ಎಂಬುದರಿಂದಲೂ ತಿಳಿಯುವುದಿಲ್ಲ. ನೋಡಬೇಕಾದದ್ದು ಲಂಗೋಟಿ. ಒಳಗೆ ಹೋದದ್ದು ಹೊರಗೆ ಬರಲೇಬೇಕು, ಅಲ್ವಾ?

ಉಚ್ಚೆಯ ಲೆಕ್ಕ ಸುಲಭ. ಮೊದಲ ದಿನ ಕನಿಷ್ಠ ಒಂದು ಸಲ, ಎರಡನೇ ದಿನ ಎರಡು, ಮೂರನೇ ದಿನ ಮೂರು. ಐದಾರನೇ ದಿನದಿಂದ ದಿನಕ್ಕೆ ಆರು ಅಥವಾ ಜಾಸ್ತಿ, ಅದೂ ತಿಳಿ ಬಣ್ಣದ್ದು. ಮೊದಲೆರಡು ದಿನ ಬಟ್ಟೆಯ ಮೇಲೆ ಕಿತ್ತಳೆ ಅಥವಾ ಇಟ್ಟಿಗೆ ಬಣ್ಣದ ಕಲೆ ಕಂಡರೆ ಹೆದರಬೇಡಿ. ಅದು ಗಟ್ಟಿಯಾದ ಉಚ್ಚೆಯಲ್ಲಿ ಕಾಣುವ ಹರಳು. ಐದನೇ ದಿನವೂ ಅದೇ ಕಲೆ ಇದ್ದರೆ ಹಾಲು ಸಾಲುತ್ತಿಲ್ಲ ಎಂದು ತಿಳಿದು ತೋರಿಸಬೇಕು. ಪ್ಯಾಂಪರ್ಸ್ ಹಾಕಿದರೆ ಈ ಲೆಕ್ಕ ಸಿಗುವುದೇ ಕಷ್ಟ. ಮೊದಲ ವಾರವಾದರೂ ಹಳೆಯ ಹತ್ತಿ ಸೀರೆ ಹರಿದು ಮಾಡಿದ ಬಟ್ಟೆಯೇ ಇರಲಿ ಎಂಬುದು ನನ್ನ ಅಭಿಪ್ರಾಯ.

ಮಲದ ಬಣ್ಣವೂ ಹಾಗೇ ಕಥೆ ಹೇಳುತ್ತದೆ. ಮೊದಲು ಕಪ್ಪು-ಹಸಿರು, ಅಂಟಂಟು. ಅದು ಗರ್ಭದಲ್ಲಿದ್ದಾಗಲೇ ಕರುಳಲ್ಲಿ ಕೂಡಿಬಿದ್ದದ್ದು. ಬಹುತೇಕ ಕೂಸುಗಳು ಅದನ್ನು 24 ತಾಸಿನೊಳಗೆ ಹೊರಹಾಕುತ್ತವೆ. 48 ತಾಸು ದಾಟಿದರೂ ಬರದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಮೂರ್ನಾಲ್ಕನೇ ದಿನಕ್ಕೆ ಹಸಿರು-ಕಂದು, ಐದನೇ ದಿನದ ಸುಮಾರಿಗೆ ಹಳದಿ, ನೀರಾಗಿ, ನಡುನಡುವೆ ಸಣ್ಣ ಕಾಳುಗಳಿದ್ದ ಹಾಗೆ. ಇದನ್ನು ನೋಡಿ ಭೇದಿ ಎಂದು ಔಷಧಿ ಅಂಗಡಿಗೆ ಓಡುವವರು ಬಹಳ. ಭೇದಿ ಅಲ್ಲ ಅದು. ಎದೆಹಾಲು ಕುಡಿಯುವ ಕೂಸಿನ ಮಲ ಇರುವುದೇ ಹೀಗೆ. ಪ್ರತಿ ಸಲ ಹಾಲು ಕುಡಿದ ಕೂಡಲೇ ಮಾಡಿಕೊಳ್ಳುವುದೂ ಸಹಜ. ಹೊಟ್ಟೆಗೆ ಹಾಲು ಬಿದ್ದರೆ ದೊಡ್ಡ ಕರುಳು ಕೆಲಸ ಶುರು ಮಾಡುತ್ತದೆ, ಚಿಕ್ಕ ಕೂಸುಗಳಲ್ಲಿ ಇದು ಜೋರು. ಇನ್ನೊಂದು ತಮಾಷೆ ನೋಡಿ. ಸುಮಾರು ಆರು ವಾರದ ನಂತರ ಅದೇ ಕೂಸು ನಾಲ್ಕೈದು ದಿನ, ಕೆಲವೊಮ್ಮೆ ವಾರದವರೆಗೂ ಮಾಡದೆ ಇರಬಹುದು. ಎದೆಹಾಲಿನಲ್ಲಿ ವ್ಯರ್ಥವಾಗಿ ಉಳಿಯುವುದೇ ಕಡಿಮೆ. ಮಲ ಮೆತ್ತಗಿದ್ದು, ಕೂಸು ಹಾಲು ಕುಡಿಯುತ್ತಾ ಆಡಿಕೊಂಡಿದ್ದರೆ ಅದು ಮಲಬದ್ಧತೆ ಅಲ್ಲ.

ತೂಕದ ವಿಷಯದಲ್ಲೂ ಗಾಬರಿ ಸಾಮಾನ್ಯ. 3 ಕೆಜಿ ಇದ್ದ ಕೂಸು ಮೂರನೇ ದಿನ 2 ಕೆಜಿ 800 ಗ್ರಾಂ ಆಯಿತೆಂದು ಅಳುವ ತಾಯಂದಿರಿದ್ದಾರೆ. ಮೊದಲ ದಿನಗಳಲ್ಲಿ ನೂರಕ್ಕೆ ಏಳರಷ್ಟು ತೂಕ ಇಳಿಯುವುದು ಸಹಜ. ಹತ್ತರ ಹತ್ತಿರ ಹೋದರೆ ಹಾಲು ಕುಡಿಸುವುದನ್ನು ಯಾರಾದರೂ ತಿಳಿದವರು ಕೂತು ನೋಡಬೇಕು. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ಸಾಗಬೇಕು. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ.

ನಮ್ಮ ಕಡೆ ಬೇಸಿಗೆ ಅಂದರೆ ಗೊತ್ತಲ್ಲ. ವಿಜಯಪುರದಲ್ಲಿ ಏಪ್ರಿಲ್-ಮೇ ಬಂತೆಂದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. "ದೊಡ್ಡವರಿಗೇ ಗಂಟಲ ಒಣಗತೈತಿ, ಕೂಸಿಗೆ ಎರಡ ಚಮಚ ನೀರ ಹಾಕಿದ್ರ ಏನಾಗತೈತಿ?" ಎಂಬ ಪ್ರಶ್ನೆ ತಪ್ಪೇನಲ್ಲ, ಕರುಳಿನಿಂದ ಬಂದದ್ದು. ಉತ್ತರ ಇದು: ಎದೆಹಾಲಿನ ನೂರರಲ್ಲಿ ಸುಮಾರು 87 ಭಾಗ ನೀರೇ. ಸೆಕೆಯಾದರೆ ಕೂಸು ಜಾಸ್ತಿ ಸಲ ಎದೆ ಕೇಳುತ್ತದೆ, ಅಷ್ಟು ಸಾಕು. ಆರು ತಿಂಗಳು ತುಂಬುವವರೆಗೆ ಒಂದು ಹನಿ ನೀರೂ ಬೇಡ, ಬಿಸಿಲ ನಾಡಿನಲ್ಲೂ ಬೇಡ. ನೀರು ಕುಡಿದ ಹೊಟ್ಟೆಯಲ್ಲಿ ಹಾಲಿಗೆ ಜಾಗ ಉಳಿಯುವುದಿಲ್ಲ. ಕೂಸಿನ ಮೂತ್ರಪಿಂಡ ಇನ್ನೂ ಎಳೆಯದು, ಹೆಚ್ಚಾದ ನೀರನ್ನು ಬೇಗ ಹೊರಹಾಕಲು ಅದಕ್ಕೆ ಬರುವುದಿಲ್ಲ. ರಕ್ತದಲ್ಲಿ ಉಪ್ಪಿನಂಶ ಇಳಿದು ಫಿಟ್ಸ್ ಕೂಡ ಬರಬಹುದು. ನೀರಿನ ಜೊತೆ ಬರುವ ಸೋಂಕಿನ ಮಾತು ಬೇರೆ. ನೀರು ಕುಡಿಯಬೇಕಾದವಳು ಬಾಣಂತಿ. ಅವಳಿಗೆ ಮಾತ್ರ ಲೋಟ ಅಳೆದು ಕೊಡುವ ಮನೆಗಳಿವೆ! ಇಂಥ ಬಿಸಿಲಲ್ಲಿ ಕಿಟಕಿ ಮುಚ್ಚಿ, ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು, ಕೂಸಿಗೆ ಕುಂಚಿಗೆ ಕಟ್ಟಿ ಮಲಗಿಸಿದರೆ ಅದು ಅಳದೆ ಇನ್ನೇನು ಮಾಡೀತು?

ಜೇನಂತೂ ಒಂದು ವರ್ಷದವರೆಗೆ ನಾಲಿಗೆಗೂ ತಾಗಿಸಬೇಡಿ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಎಳೆ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ, ಕೂಸಿನ ಸ್ನಾಯುಗಳು ಬಿದ್ದುಹೋಗುತ್ತವೆ. ಅಪರೂಪ, ಆದರೆ ಬಂದರೆ ಭಯಂಕರ.

ಇನ್ನು ಗ್ಯಾಸ್. ಕೂಸಿನ ಹೊಟ್ಟೆಗೆ ಗಾಳಿ ಎರಡು ದಾರಿಯಲ್ಲಿ ಸೇರುತ್ತದೆ. ಒಂದು, ಬಾಯಿಂದ. ಕೂಸು ಬರೀ ತೊಟ್ಟನ್ನು ಚೀಪುತ್ತಿದ್ದರೆ ಹಾಲಿಗಿಂತ ಗಾಳಿಯೇ ಜಾಸ್ತಿ ಹೋಗುತ್ತದೆ, ತಾಯಿಯ ತೊಟ್ಟೂ ಒಡೆಯುತ್ತದೆ. ಬಾಯಿ ದೊಡ್ಡದಾಗಿ ತೆರೆದಾಗ, ತೊಟ್ಟಿನ ಸುತ್ತಲಿನ ಕಪ್ಪು ಭಾಗದಲ್ಲೂ ಬಹಳಷ್ಟು ಒಳಗೆ ಹೋಗುವ ಹಾಗೆ ಹಿಡಿಸಬೇಕು. ಗದ್ದ ಎದೆಗೆ ತಾಗಿರಬೇಕು. ಕೆಳತುಟಿ ಹೊರಗೆ ಮಡಚಿರಬೇಕು. ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ಒತ್ತಿರಬೇಕು, ಕತ್ತು ತಿರುಚಿರಬಾರದು. ನುಂಗುವ ಸದ್ದು ಕೇಳಿದರೆ ಸರಿ, ಲೊಚಲೊಚ ಸದ್ದು ಬಂದರೆ ಕಿರುಬೆರಳು ಬಾಯಿಯ ಮೂಲೆಗೆ ಇಟ್ಟು ಬಿಡಿಸಿ, ಮತ್ತೆ ಹಚ್ಚಿ. ನನ್ನ ಲೆಕ್ಕದಲ್ಲಿ "ಹೊಟ್ಟೆನೋವಿನ" ಕೂಸುಗಳ ಅರ್ಧ ಸಮಸ್ಯೆ ಇಲ್ಲೇ ತೀರುತ್ತದೆ. ಅಂಗಡಿಯಲ್ಲಿ ಮಾರುವ ಯಾವ ಹನಿಗೂ ಈ ಗುಣವಿಲ್ಲ. ಒಂದು ಎದೆ ಪೂರ್ತಿ ಖಾಲಿಯಾಗುವ ಮೊದಲೇ ಇನ್ನೊಂದಕ್ಕೆ ಬದಲಿಸುವುದೂ ಬೇಡ. ಮೊದಲು ಬರುವ ಹಾಲು ತೆಳು, ಸಿಹಿ. ಕೊನೆಗೆ ಬರುವುದು ಕೊಬ್ಬಿನ ಹಾಲು. ಬರೀ ತೆಳು ಹಾಲೇ ಹೋದರೆ ಸಕ್ಕರೆ ಅಂಶ ಕರುಳಲ್ಲಿ ಹುದುಗಿ, ಹಸಿರು ನೊರೆನೊರೆ ಮಲ, ಗುಡುಗುಡು ಹೊಟ್ಟೆ.

ಗಾಳಿಯ ಎರಡನೇ ದಾರಿ ಕರುಳಿನ ಒಳಗೇ. ಹುಟ್ಟುವಾಗ ಕೂಸಿನ ಕರುಳು ಹೆಚ್ಚುಕಡಿಮೆ ಖಾಲಿ ಮನೆ. ಕೆಲವೇ ದಿನದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಬಂದು ನೆಲೆಸುತ್ತವೆ. ಎದೆಹಾಲಿನಲ್ಲಿ ಕೂಸಿಗೆ ಜೀರ್ಣವೇ ಆಗದ ಒಂದು ಬಗೆಯ ಸಕ್ಕರೆಗಳಿವೆ. ಅವು ಇರುವುದು ಬಿಫಿಡೋಬ್ಯಾಕ್ಟೀರಿಯಾ ಎಂಬ ಒಳ್ಳೆಯ ಜೀವಿಗಳ ಊಟಕ್ಕೆ. ಅವು ಉಂಡು ಬೆಳೆದರೆ ಕೆಟ್ಟ ಜೀವಿಗಳಿಗೆ ಜಾಗ ಸಿಗುವುದಿಲ್ಲ. ಉಂಡಾಗ ಒಂದಿಷ್ಟು ಗ್ಯಾಸ್ ಆಗೇ ಆಗುತ್ತದೆ. ಅಂದರೆ ಕೂಸು ಹೂಸು ಬಿಡುವುದು ರೋಗವಲ್ಲ, ಕರುಳು ಸಂಸಾರ ಹೂಡುತ್ತಿದೆ ಅಷ್ಟೇ.

ತೇಗಿನ ವಿಷಯದಲ್ಲಿ ಒಂದು ಅಧ್ಯಯನ ನೆನಪಿಸಬೇಕು. ಚಂಡೀಗಡದಲ್ಲಿ 71 ತಾಯಿ-ಮಗು ಜೋಡಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ತೇಗು ತೆಗೆಸುವುದನ್ನು ಕಲಿಸಿ, ಮೂರು ತಿಂಗಳು ಗಮನಿಸಿದರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ತೇಗು ತೆಗೆಸಿದ್ದರಿಂದ ಅಳು ಕಡಿಮೆಯಾಗಲಿಲ್ಲ, ಹಾಲು ಕಾರುವುದು ಮಾತ್ರ ಜಾಸ್ತಿಯೇ ಆಯಿತು! ಹಾಗೆಂದು ಭುಜದ ಮೇಲೆ ಹಾಕಿಕೊಳ್ಳುವುದೇ ಬೇಡ ಎಂದಲ್ಲ. ಐದ್ಹತ್ತು ನಿಮಿಷ ನೆಟ್ಟಗೆ ಎತ್ತಿಕೊಳ್ಳಿ, ತೇಗು ಬಂದರೆ ಬರಲಿ. ಮಲಗಿದ ಕೂಸನ್ನು ಎಬ್ಬಿಸಿ ಬೆನ್ನು ಬಡಿಯುತ್ತಾ ಕೂರುವುದು ಬೇಡ.

ಹಾಲು ಕಾರುವುದೂ ಅಷ್ಟೇ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಇರುವ ಸ್ನಾಯು ಕೂಸಿನಲ್ಲಿ ಇನ್ನೂ ಬಿಗಿಯಾಗಿರುವುದಿಲ್ಲ, ಬಾಯಿ ಸಡಿಲ ಕಟ್ಟಿದ ಚೀಲದ ಹಾಗೆ. ಕುಡಿದದ್ದರಲ್ಲಿ ಒಂದಿಷ್ಟು ತುಟಿಯಂಚಿನಿಂದ ಜಾರುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಇದು ಜಾಸ್ತಿಯಾಗಿ, ವರ್ಷ ತುಂಬುವುದರೊಳಗೆ ಬಹುತೇಕ ನಿಲ್ಲುತ್ತದೆ. ತೂಕ ಏರುತ್ತಿದ್ದರೆ ಹೆಗಲ ಮೇಲೊಂದು ಬಟ್ಟೆ ಸಾಕು. ಮಲಗಿಸುವುದು ಯಾವಾಗಲೂ ಅಂಗಾತ.

ಮಲ ಮಾಡಲು ಕೂಸು ತಿಣುಕುವುದನ್ನು ನೋಡಿದರೆ ಮಾತ್ರ ಎಂಥವರಿಗೂ ಕರುಳು ಚುರ್ ಎನ್ನುತ್ತದೆ. ಮುಖ ಕೆಂಪು, ಕಾಲು ಮಡಚಿ, ಹತ್ತು ನಿಮಿಷ ಅತ್ತು, ಕೊನೆಗೆ ಹೊರಬರುವುದು ಮೆತ್ತನೆ ಮಲ! ಹಾಗಾದರೆ ಇಷ್ಟು ಕಷ್ಟ ಯಾಕೆ? ಮಲ ಹೊರಹಾಕಲು ಎರಡು ಕೆಲಸ ಒಟ್ಟಿಗೆ ಆಗಬೇಕು. ಹೊಟ್ಟೆ ಒತ್ತಬೇಕು, ಕೆಳಗಿನ ಸ್ನಾಯು ಸಡಿಲವಾಗಬೇಕು. ಕೂಸು ಒತ್ತುತ್ತದೆ, ಜೊತೆಗೇ ಬಿಗಿಯನ್ನೂ ಹಿಡಿಯುತ್ತದೆ. ಕೆಲವು ವಾರದಲ್ಲಿ ತಾನೇ ಕಲಿಯುತ್ತದೆ. ವೀಳ್ಯದೆಲೆಯ ತೊಟ್ಟಿಗೆ ಔಡಲೆಣ್ಣೆ ಹಚ್ಚಿ ಹಿಂದಿನಿಂದ ತೂರಿಸುವುದು, ಸಬಕಾರದ ಚೂರು ಇಡುವುದು ನಮ್ಮಲ್ಲಿ ಹಳೆಯ ರೂಢಿ. ತಕ್ಷಣ ಕೆಲಸ ಆಗುತ್ತದೆ ನಿಜ. ಆದರೆ ಕೂಸು ಕಲಿಯುವುದು ತಡವಾಗುತ್ತದೆ, ನಾಜೂಕು ಜಾಗಕ್ಕೆ ಗಾಯವಾಗುತ್ತದೆ.

ಎರಡನೇ ವಾರದಿಂದ ಶುರುವಾಗುವ ಸಂಜೆಯ ಅಳು ಬೇರೆ ಬಗೆಯದು. ದೀಪ ಹಚ್ಚುವ ಹೊತ್ತಿಗೆ ಶುರುವಾಗಿ ತಾಸುಗಟ್ಟಲೆ ನಡೆಯುತ್ತದೆ. ಡಾಕ್ಟರುಗಳು ಇದನ್ನು ಕೋಲಿಕ್ ಎನ್ನುತ್ತಾರೆ. 1954ರಲ್ಲಿ ಅಮೆರಿಕದ ವೆಸೆಲ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಕೊಟ್ಟ ಅಳತೆ ಬಹಳ ಕಾಲ ಚಾಲ್ತಿಯಲ್ಲಿತ್ತು: ದಿನಕ್ಕೆ ಮೂರು ತಾಸಿಗಿಂತ ಜಾಸ್ತಿ, ವಾರದಲ್ಲಿ ಮೂರು ದಿನಕ್ಕಿಂತ ಜಾಸ್ತಿ, ಮೂರು ವಾರಕ್ಕಿಂತ ಜಾಸ್ತಿ. ಆರನೇ ವಾರದ ಸುಮಾರಿಗೆ ತುದಿ ಮುಟ್ಟುತ್ತದೆ, ಮೂರ್ನಾಲ್ಕು ತಿಂಗಳಿಗೆ ಇಳಿಯುತ್ತದೆ. ನಿಖರ ಕಾರಣ ವೈದ್ಯಲೋಕಕ್ಕೂ ಸಿಕ್ಕಿಲ್ಲ. ಅಳು ತಾನಾಗಿ ಇಳಿಯುವ ಹೊತ್ತಿಗೆ ಯಾವ ಔಷಧಿ ಹಾಕಿದ್ದೀರೋ ಅದಕ್ಕೆ ಹೆಸರು ಬರುತ್ತದೆ.

ಗ್ರೈಪ್ ವಾಟರ್ ಹೆಸರು ಮಾಡಿದ್ದೂ ಹೀಗೇ ಇರಬೇಕು. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿ ಇದನ್ನು ತಯಾರಿಸಿದ. ಮಕ್ಕಳ ಮಲೇರಿಯಾ ಜ್ವರಕ್ಕೆ ಕೊಡುತ್ತಿದ್ದ ಔಷಧಿ ಅವನಿಗೆ ಮಾದರಿ. ಸೋಡಾ, ಸಕ್ಕರೆ, ಸಬ್ಬಸಿಗೆ ಎಣ್ಣೆ, ಜೊತೆಗೆ ಆಲ್ಕೋಹಾಲ್! ಕೂಸು ಮಲಗದೆ ಏನು ಮಾಡೀತು. ಈಗಿನ ಬಾಟಲಿಗಳಲ್ಲಿ ಆಲ್ಕೋಹಾಲ್ ಇಲ್ಲ, ಅಳು ನಿಲ್ಲಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯೂ ಇಲ್ಲ. ಸಬ್ಬಸಿಗೆ ಪಲ್ಯವನ್ನು ಬಾಣಂತಿಯೇ ಬಿಸಿ ರೊಟ್ಟಿ ಜೊತೆ ಉಣ್ಣಲಿ, ಅದು ಚೆಂದ.

ಗುಟ್ಟಿಯ ವಿಷಯ ಸೂಕ್ಷ್ಮ. ಬೆಳಗಾವಿ ಕಡೆ ಬಾಳಗುಟ್ಟಿ ಎಂದು ಪ್ಯಾಕೆಟ್ಟೇ ಸಿಗುತ್ತದೆ. ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ, ಅರಿಷಿಣ ಕೊಂಬು, ಉತ್ತತ್ತಿ. ಇಷ್ಟಿಷ್ಟೇ ಕಲ್ಲಿನ ಮೇಲೆ ತೇದು ಹಾಲಿನಲ್ಲಿ ಕಲಸಿ ಹಾಕುತ್ತಾರೆ. ಆಯಿಯ ಪ್ರೀತಿಯ ಬಗ್ಗೆ ಅನುಮಾನ ಬೇಡ. ಆದರೆ ಎರಡು ಸುತ್ತು ತೇದದ್ದು ಎಷ್ಟು ಮಿಲಿಗ್ರಾಂ ಎಂದು ಯಾರೂ ಹೇಳಲಾರರು. ಜಾಯಿಕಾಯಿ ಜಾಸ್ತಿಯಾದರೆ ಮಂಪರು ಬರುತ್ತದೆ, ಬಜೆ ಜಾಸ್ತಿಯಾದರೆ ವಾಂತಿ. ಮಂಪರಾದ ಕೂಸು ಅಳುವುದಿಲ್ಲ, ಹಾಲೂ ಕುಡಿಯುವುದಿಲ್ಲ. ನಾವು ಗುಣವಾಯಿತು ಎಂದುಕೊಳ್ಳುತ್ತೇವೆ. ಒಳಲೆಯಲ್ಲಿ ಎಣ್ಣೆಯೋ ಗುಟ್ಟಿಯೋ ತುಂಬಿ, ಅಳುತ್ತಿರುವ ಕೂಸಿನ ಬಾಯಿಗೆ ಮೂಗು ಹಿಡಿದು ಸುರಿಯುವುದು ಇನ್ನೂ ಅಪಾಯ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಹೊಟ್ಟೆ ಉಬ್ಬಿದೆ ಎಂದು ಬಳೆ ಚೂರು ಕಾಯಿಸಿ ಹೊಟ್ಟೆಗೆ ಬರೆ ಕೊಡುವುದು ಉತ್ತರ ಕರ್ನಾಟಕದಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಇದರ ಬಗ್ಗೆ ಮೃದುವಾಗಿ ಹೇಳಲು ನನಗೆ ಬರುವುದಿಲ್ಲ. ಅದು ಚಿಕಿತ್ಸೆಯಲ್ಲ, ಸುಟ್ಟ ಗಾಯ. ನಂಜಾಗಿ ಕೂಸು ಸಾಯಬಹುದು.

ಆಯಿಗೆ ಬೇಡ ಬೇಡ ಎಂದಷ್ಟೇ ಹೇಳಿದರೆ ನಡೆಯುವುದಿಲ್ಲ, ಬೇರೆ ಕೆಲಸ ಕೊಡಬೇಕು. ಕೂಸನ್ನು ಬರಿಮೈಯಲ್ಲಿ ಎದೆಗೆ ಅವುಚಿಕೊಳ್ಳುವುದು, ಕಾಲು ಹಿಡಿದು ಸೈಕಲ್ ತುಳಿಸುವುದು, ಬೆಚ್ಚಗಿನ ಕೈಯಿಂದ ಹೊಕ್ಕಳ ಸುತ್ತ ಗಡಿಯಾರದ ದಿಕ್ಕಿನಲ್ಲಿ ಹಗುರವಾಗಿ ಸವರುವುದು, ಜೋಗುಳ ಹಾಡುತ್ತಾ ಅಂಗಳದಲ್ಲಿ ಅಡ್ಡಾಡಿಸುವುದು. ಅನುಭವದ ಕೈ ಇಲ್ಲಿ ನಿಜಕ್ಕೂ ಗೆಲ್ಲುತ್ತದೆ.

ಬಾಣಂತಿ ಬದನೆಕಾಯಿ, ಬಟಾಟೆ, ಕಡಲೆಬೇಳೆ ತಿಂದರೆ ಕೂಸಿಗೆ ವಾಯು ಎಂಬ ಮಾತಿಗೆ ಬುಡವಿಲ್ಲ. ಗ್ಯಾಸ್ ಆಗುವುದು ಅವಳ ಕರುಳಲ್ಲಿ. ಹಾಲು ತಯಾರಾಗುವುದು ಅವಳ ರಕ್ತದಿಂದ. ಕರುಳಿನ ಗ್ಯಾಸ್ ಹಾಲಿಗೆ ಬರುವುದಿಲ್ಲ. ಕೆಲವೇ ಕೂಸುಗಳಿಗೆ ಆಕಳ ಹಾಲಿನ ಪ್ರೋಟೀನ್ ಆಗಿಬರುವುದಿಲ್ಲ. ಅವುಗಳ ಮಲದಲ್ಲಿ ಲೋಳೆ, ರಕ್ತದ ಗೆರೆ ಕಾಣುತ್ತದೆ. ಆಗ ತಾಯಿ ಏನು ಬಿಡಬೇಕು ಎಂಬುದನ್ನು ಡಾಕ್ಟರೇ ಹೇಳಲಿ. ಅನಿವಾರ್ಯವಾಗಿ ಡಬ್ಬಿ ಹಾಲು ಕೊಡಬೇಕಾದ ತಾಯಂದಿರೂ ಇದ್ದಾರೆ, ಅವರನ್ನು ಚುಚ್ಚುವುದು ಬೇಡ. ಪುಡಿ-ನೀರಿನ ಅಳತೆ ಡಬ್ಬಿಯ ಮೇಲಿದ್ದಷ್ಟೇ ಇರಲಿ. ಉಳಿತಾಯಕ್ಕೆಂದು ನೀರು ಮಾಡಬೇಡಿ, ಕುಡಿದು ಉಳಿದದ್ದನ್ನು ಇಟ್ಟು ಮತ್ತೆ ಕೊಡಬೇಡಿ. ಆಕಳು, ಎಮ್ಮೆ ಹಾಲು ಈ ವಯಸ್ಸಿಗೆ ಬೇಡ.

ಇಷ್ಟು ಹೊತ್ತು ಹೆದರಬೇಡಿ ಎಂದೆ. ಹೆದರಬೇಕಾದದ್ದೂ ಇದೆ. ಹಸಿರು ವಾಂತಿಯಾದರೆ ಕರುಳು ಕಟ್ಟಿರಬಹುದು, ಬೆಳಗಾಗುವವರೆಗೆ ಕಾಯುವಂತಿಲ್ಲ. ಎರಡು-ಮೂರು ವಾರದ ನಂತರ ಕುಡಿದ ಹಾಲೆಲ್ಲ ಪ್ರತಿ ಸಲ ದೂರ ಚಿಮ್ಮಿದರೆ ಹೊಟ್ಟೆಯ ಕೆಳಬಾಯಿ ದಪ್ಪವಾಗಿರಬಹುದು. ಬಿಗಿದು ಉಬ್ಬಿದ ಹೊಟ್ಟೆ, ಮಲದಲ್ಲಿ ರಕ್ತ, 38 ಡಿಗ್ರಿ ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಅಥವಾ ಮೈ ತಣ್ಣಗಾಗುವುದು, ಎಬ್ಬಿಸಿದರೂ ಏಳದಿರುವುದು, ಹಾಲು ಪೂರ್ತಿ ಬಿಡುವುದು. ಇವು ಯಾವುದಕ್ಕೂ ಮನೆಮದ್ದಿಲ್ಲ. ಎರಡು ವಾರ ಕಳೆದರೂ ಕಣ್ಣು ಹಳದಿ ಇದ್ದು, ಮಲ ಬಿಳಿಚಿಕೊಂಡಿದ್ದರೆ ಪಿತ್ತನಾಳದ ತೊಂದರೆ ಇರಬಹುದು. ಅದರ ಆಪರೇಷನ್ ಎರಡು ತಿಂಗಳೊಳಗಾದರೆ ಫಲ ಚೆನ್ನಾಗಿರುತ್ತದೆ, ಹೀಗಾಗಿ ಬಿಸಿಲಿಗೆ ಹಿಡಿದರೆ ಹೋದೀತು ಎಂದು ಕೂರಬೇಡಿ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಬಂದಾಗ ಚಹಾ ಕೊಟ್ಟು ಕಳಿಸಬೇಡಿ, ಕೂಸಿನ ತೂಕ ಮಾಡಿಸಿ, ಹಾಲು ಕುಡಿಯುವುದನ್ನು ಅವರೆದುರೇ ತೋರಿಸಿ. ಬೆಳಗಾವಿಯ ಸರ್ಕಾರಿ ಆಸ್ಪತ್ರೆ ಬಿಮ್ಸ್‌ನಲ್ಲೂ, ಬಾಗಲಕೋಟೆ, ವಿಜಯಪುರದ ಜಿಲ್ಲಾ ಆಸ್ಪತ್ರೆಗಳಲ್ಲೂ ನವಜಾತ ಶಿಶುಗಳಿಗೆಂದೇ ಬೇರೆ ಘಟಕವಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹುಷಾರಿಲ್ಲದ ಕೂಸಿನ ಚಿಕಿತ್ಸೆ, ಹೋಗಿಬರುವ ಗಾಡಿ ಎರಡೂ 2011ರಿಂದ ಪುಕ್ಕಟೆ. 108ಕ್ಕೆ ಫೋನ್ ಮಾಡಿ. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ. ವಾಂತಿಯೋ ಮಲವೋ ಆದ ಬಟ್ಟೆಯನ್ನು ತೊಳೆಯದೆ, ಹಾಗೇ ಒಂದು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.